ಕಯಾಕೋ, ಪ್ಯಾಡಲ್‌ಬೋರ್ಡೋ: ದೊಡ್ಡವರಿಗೆ ಯಾವುದು, ಮಕ್ಕಳಿಗೆ ಯಾವುದು?

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಮೊದಲ ಪ್ರಶ್ನೆ ಇಡುವ ಜಾಗದ್ದೇ. 10 ಅಡಿಯ ಗಟ್ಟಿ ಪ್ಲಾಸ್ಟಿಕ್ ಕಯಾಕ್ (ಕೂತು ಹುಟ್ಟು ಹಾಕುವ ಕಿರುದೋಣಿ) ಲಿಫ್ಟಿನಲ್ಲಿ ಹಿಡಿಸದು. ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಪ್ಯಾಡಲ್‌ಬೋರ್ಡನ್ನು ಸುತ್ತಿಟ್ಟರೆ ಕಾರಿನ ಡಿಕ್ಕಿಯಲ್ಲಿ ಕೂರುತ್ತದೆ.

ಆದರೆ ಹೊನ್ನೆಮರಡುವಿನಂಥ ವಿಶಾಲ ಹಿನ್ನೀರಿನಲ್ಲಿ ಗಾಳಿ ಎದ್ದರೆ ಕಯಾಕೇ ಮೇಲು. ಬೋರ್ಡಿನ ಮೇಲೆ ನಿಂತವರ ಮೈಯೇ ಹಾಯಿಯಾಗಿಬಿಡುತ್ತದೆ. ಆಗ ಮಂಡಿಯೂರಿ ಹುಟ್ಟು ಹಾಕಬೇಕು.

ದೊಡ್ಡವರು ಹೊಸಬರಾದರೆ 10 ಅಡಿ 6 ಇಂಚು ಉದ್ದ, 32 ಇಂಚು ಅಗಲ, 6 ಇಂಚು ದಪ್ಪದ ಬೋರ್ಡು ನೋಡಿ. ಒಳಗೆ ತುಂಬುವ ಗಾಳಿಯ ಒತ್ತಡ ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ. ಕೈಪಂಪಿನಲ್ಲಿ ಕೊನೆಯ ಕೆಲವು ಪಿಎಸ್‌ಐ ತುಂಬುವಾಗ ತೋಳು ಸೋಲುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಬೋರ್ಡಿನ ನಡು ಬಾಗಿ ತೂಗಾಡುತ್ತದೆ. ತುಂಬಿದ್ದನ್ನು ದಡದ ಬಿಸಿಲಲ್ಲಿ ಬಿಡಬೇಡಿ, ಗಾಳಿ ಹಿಗ್ಗಿ ಅಂಚಿನ ಅಂಟು ಬಿಡಬಹುದು.

ಮಕ್ಕಳಿಗೆ ‘ಬೆಳೆದ ಮೇಲೂ ಬರಲಿ’ ಎಂದು ದೊಡ್ಡದನ್ನು ಕೊಡಿಸಲೇಬೇಡಿ. ಅಗಲ ಹೆಚ್ಚಾದರೆ ಪುಟ್ಟ ತೋಳಿಗೆ ನೀರು ಎಟುಕದೆ ಹುಟ್ಟು ಅಂಚಿಗೆ ಬಡಿಯುತ್ತದೆ. ಬೋರ್ಡು ಸುಮಾರು 8 ಅಡಿ ಉದ್ದ, 28 ಇಂಚು ಅಗಲವಿದ್ದರೆ ಸಾಕು. ಕಯಾಕಾದರೆ ಮೇಲೆ ಕೂರುವ ಸಿಟ್-ಆನ್-ಟಾಪ್ ಮಾದರಿಯೇ ಇರಲಿ: ಮಗುಚಿದರೂ ಮಗು ಒಳಗೆ ಸಿಕ್ಕಿಕೊಳ್ಳುವುದಿಲ್ಲ, ನೀರು ತೂತುಗಳಿಂದ ಇಳಿದುಹೋಗುತ್ತದೆ.

ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಲಿ. ಭುಜದ ಪಟ್ಟಿ ಹಿಡಿದೆತ್ತಿದಾಗ ಕಿವಿಯವರೆಗೆ ಏರಿದರೆ ಅದು ಸಡಿಲ, ಬೇರೆ ಅಳತೆ ಕೇಳಿ.