ಕಾಂಟ್‌ನ ನೀತಿಗ್ರಂಥ: ಎರಡನೇ ಭಾಗಕ್ಕಾಗಿಯೇ ಓದಿ

ನೀತಿತತ್ತ್ವದ ಬುನಾದಿ ಕುರಿತು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ಈ ಕೃತಿ (ಇಂಗ್ಲಿಷಿನಲ್ಲಿ ‘Groundwork of the Metaphysics of Morals’) ಗಾತ್ರದಲ್ಲಿ ಚಿಕ್ಕದು, ಆದರೆ ಓದು ಸಲೀಸಲ್ಲ. ಮುನ್ನುಡಿ, ಮೂರು ಭಾಗ, ಜೀವಾಳ ಎರಡನೆಯದರಲ್ಲಿದೆ. ನಾವು ನಡೆಯುವ ನಿಯಮ ಎಲ್ಲರ ನಿಯಮವೂ ಆಗಲೆಂದು ಬಯಸಬಹುದೇ ಎಂಬ ಪರೀಕ್ಷೆ ಅಲ್ಲಿದೆ. ತೀರಿಸಲಾಗದೆಂದು ಗೊತ್ತಿದ್ದೂ ‘ತೀರಿಸುತ್ತೇನೆ’ ಎಂದು ಮಾತು ಕೊಟ್ಟು ಸಾಲ ಕೇಳುವವನ ಉದಾಹರಣೆಯನ್ನು ನಿಧಾನವಾಗಿ ಓದಿ. ಮೊದಲು ಅವನ ಉದ್ದೇಶವನ್ನು ಒಂದು ನಿಯಮವಾಗಿ ಬರೆದುಕೊಳ್ಳಿ. ಆಮೇಲೆ ಎಲ್ಲರೂ ಹಾಗೇ ನಡೆದುಕೊಂಡರೆ ಎಂದು ಯೋಚಿಸಿ. ಆಗ ಮಾತನ್ನು ಯಾರೂ ನಂಬುವುದಿಲ್ಲ, ಸುಳ್ಳು ಭರವಸೆ ಕೊಡುವುದೇ ಅಸಾಧ್ಯ. ಬಹಳ ಮಂದಿ ಎಡವುವುದು ಇಲ್ಲೇ, ಇದನ್ನು ಪರಿಣಾಮದ ಲೆಕ್ಕಾಚಾರವೆಂದು ತಿಳಿಯುತ್ತಾರೆ. ಕಾಂಟ್ ತೋರಿಸುವುದು ನಿಯಮ ತನ್ನನ್ನೇ ಅಲ್ಲಗಳೆಯುತ್ತದೆ ಎಂಬುದನ್ನು. ಎಷ್ಟು ಸೊಗಸಾದ ವಾದ! ಆದರೆ ‘ಇಂಥವನು, ಇಂಥ ದಿನ ಮಾತ್ರ’ ಎಂದು ನಿಯಮಕ್ಕೆ ಹೆಸರು, ತಾರೀಖು ಸೇರಿಸಿ ಕಿರಿದಾಗಿಸಿದರೆ ಯಾವ ಕೆಲಸವೂ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೆ ಇಲ್ಲಿ ಸಾಕಷ್ಟು ಉತ್ತರವಿಲ್ಲ. ಸ್ವಾತಂತ್ರ್ಯ ಕುರಿತ ಮೂರನೇ ಭಾಗ ಬಲು ಬಿಗಿ, ಮರು ಓದಿಗೆ ಇಟ್ಟುಕೊಳ್ಳಿ.