ವಿಂಡ್‌ಸರ್ಫಿಂಗ್ ಬೋರ್ಡ್ ಕೊಳ್ಳುವವರೇ, ‘82ಕ್ಕಿಂತ 96 ದೊಡ್ಡದಲ್ಲವೇ ಸರ್’ ಎಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ

ನಾನು ಗಣಿತದ ಮಾಸ್ತರ. ಬಾಗಲಕೋಟೆಯ ಒಂದು ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದ ಮೇಲೆ ನೀವು ಹೇಗಿದ್ದರೂ ‘ಈ ಮನುಷ್ಯನಿಗೆ ಕೂಡಿಸಲು ಬರುವುದಿಲ್ಲವೇ’ ಎಂದು ಕೇಳುತ್ತೀರಿ. ಬರುತ್ತದೆ. ಆ ಒಂದು ದಿನ ಮಾತ್ರ ಬರಲಿಲ್ಲ. ಅದಕ್ಕೆ 58,000 ರೂಪಾಯಿ ದಂಡ ತೆತ್ತಿದ್ದೇನೆ, ಸಾಗಣೆಯ 4,500 ಬೇರೆ.

ಬೇಸಿಗೆ ರಜೆಯಲ್ಲಿ ಗೋವಾಕ್ಕೆ ಹೋದಾಗ ಮೂರು ದಿನ ಬೆಳಗ್ಗೆ ವಿಂಡ್‌ಸರ್ಫಿಂಗ್ ಕಲಿತೆ. ಹಲಗೆಯ ಮೇಲೆ ನಿಂತು, ಕೈಯಲ್ಲಿ ಹಾಯಿ ಹಿಡಿದು, ಗಾಳಿಯ ಬಲದಲ್ಲಿ ಸಾಗುವ ಆಟ. ಅಲ್ಲಿ ನನಗೆ ಕೊಟ್ಟ ಬೋರ್ಡ್ ಬಾಗಿಲಿನಷ್ಟು ಅಗಲವಿತ್ತು, ಮೇಲೆ ರಬ್ಬರಿನಂಥ ಮೆತ್ತನೆಯ ಹೊದಿಕೆ ಇತ್ತು, ನಿಂತರೆ ದೇವಸ್ಥಾನದ ಕಟ್ಟೆಯ ಮೇಲೆ ನಿಂತಂತಿತ್ತು. ಅದರ ಅಂಚಿನಲ್ಲಿ 205 ಎಂದು ಬರೆದಿತ್ತು. ಅದು ಬೋರ್ಡಿನ ಗಾತ್ರದ ಲೀಟರ್ ಲೆಕ್ಕ ಎಂದು ಗೊತ್ತಿರಲಿಲ್ಲ. ಶಾಲೆಯ ಬೆಂಚುಗಳ ಮೇಲೆ ಬರೆಯುವ ಹಾಗೆ ದಾಸ್ತಾನಿನ ನಂಬರ್ ಇರಬೇಕು ಎಂದುಕೊಂಡಿದ್ದೆ. ನಗಬೇಡಿ.

ಊರಿಗೆ ಬಂದ ಮೇಲೆ ಹಿನ್ನೀರು ಕಂಡಾಗಲೆಲ್ಲ ಅದೇ ಆಸೆ. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಂತರೆ ನಮ್ಮ ಹಳೆಯ ಊರಿನ ಅಂಚಿಗೆ ಘಟಪ್ರಭೆ ಸಮುದ್ರದಂತೆ ಕಾಣುತ್ತದೆ. ದೀಪಾವಳಿಯ ಹೊತ್ತಿಗೆ ಮೂಡಣ ಗಾಳಿ ಸಣ್ಣಗೆ ಬೀಸತೊಡಗುತ್ತದೆ. ಇಷ್ಟು ನೀರು, ಇಷ್ಟು ಗಾಳಿ ಇರುವಾಗ ಗೋವಾಕ್ಕೆ ಏಕೆ ಹೋಗಬೇಕು ಎನ್ನಿಸಿತು. ಫೋನಿನಲ್ಲಿ ಹುಡುಕಿದೆ. ಕರಾವಳಿಯ ಕಡೆಯ ಒಬ್ಬರು ಬಳಸಿದ ಬೋರ್ಡ್, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು), ಹಾಯಿ ಎಲ್ಲ ಸೇರಿ ಮಾರಾಟಕ್ಕಿಟ್ಟಿದ್ದರು. ‘ಹೊಸಬರಿಗೆ ಹೇಳಿ ಮಾಡಿಸಿದ್ದು’ ಎಂದು ಬರೆದಿದ್ದರು. ಹೆಸರು ಹೇಳುವುದಿಲ್ಲ. ಕನ್ನಡ ಚೆನ್ನಾಗಿ ಮಾತನಾಡುತ್ತಾರೆ, ಮಾತು ಮಾತಿಗೆ ಸರ್ ಎನ್ನುತ್ತಾರೆ, ಮಾಸ್ತರ ಎಂದು ತಿಳಿದ ಮೇಲೆ ಇನ್ನೂ ಎರಡು ಸರ್ ಸೇರಿಸಿದರು.

ಈಗ ಆ ಮಾತುಕತೆ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ನಾನು: ‘ನನ್ನ ತೂಕ 82 ಕೆಜಿ. ಇದು ನನ್ನನ್ನು ಹೊರುತ್ತದೆಯೇ?’

ಅವರು: ‘ಸರ್, ಇದು 96 ಲೀಟರ್. ಒಂದು ಲೀಟರ್ ಒಂದು ಕೆಜಿಯನ್ನು ತೇಲಿಸುತ್ತದೆ. 82ಕ್ಕಿಂತ 96 ದೊಡ್ಡದಲ್ಲವೇ ಸರ್? ನಿಮಗೆ ನಾನು ಲೆಕ್ಕ ಹೇಳಬೇಕೇ?’

ನಾನು ನಕ್ಕೆ. ಅದೇ ತಪ್ಪು. ‘ನಿಮಗೆ ನಾನು ಲೆಕ್ಕ ಹೇಳಬೇಕೇ’ ಎಂದಾಗ ಎದೆ ಉಬ್ಬಿತು. ಮಾಸ್ತರನಿಗೆ ಮರ್ಯಾದೆ ಕೊಟ್ಟರು ಎಂದು ಸಂತೋಷಪಟ್ಟೆ. ಹದಿನಾಲ್ಕು ಲೀಟರ್ ಉಳಿತಾಯವಿದೆ ಎಂದು ಮನಸ್ಸಿನಲ್ಲೇ ಕಳೆದು ನೋಡಿಕೊಂಡೆ. ನಮ್ಮಲ್ಲಿ ಗಾಳಿ ಕಡಿಮೆ ಎಂದೆ. ‘ಬೋರ್ಡ್ ಸಣ್ಣದಿದ್ದಷ್ಟು ಹಗುರ, ಹಗುರ ಇದ್ದಷ್ಟು ಸಣ್ಣ ಗಾಳಿಗೂ ಓಡುತ್ತದೆ ಸರ್’ ಎಂದರು. ಹೌದಲ್ಲ, ಸರಿಯಾಗಿದೆ ಎನ್ನಿಸಿತು. ಗೋವಾದಲ್ಲಿ ಬೋರ್ಡಿನ ನಡುವೆ ಕಾಲಿನಿಂದ ಒತ್ತಿ ಕೆಳಗಿಳಿಸುವ ಒಂದು ಹಲಗೆ ಇತ್ತು, ಡ್ಯಾಗರ್‌ಬೋರ್ಡ್ ಎನ್ನುತ್ತಿದ್ದರು, ಇದರಲ್ಲಿ ಕಾಣುತ್ತಿಲ್ಲವಲ್ಲ ಎಂದು ಕೇಳಿದೆ. ‘ಅದು ಹಳೆಯ ಕಾಲದ್ದು ಸರ್, ಈಗ ಯಾರೂ ಹಾಕುವುದಿಲ್ಲ’ ಎಂದರು. ಆ ರಾತ್ರಿಯೇ ಹಣ ಹಾಕಿದೆ. ತರಕಾರಿಯವಳ ಹತ್ತಿರ ಹತ್ತು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವವನು ಅವರ ಬಳಿ ಒಂದು ರೂಪಾಯಿ ಕಡಿಮೆ ಮಾಡಿ ಎಂದು ಕೇಳಲಿಲ್ಲ.

ಬೋರ್ಡ್ ಚೋರ್ಲಾ ಘಾಟ್ ಹತ್ತಿ, ಬೆಳಗಾವಿ ದಾಟಿ, ಸರಕಿನ ಗಾಡಿಯಲ್ಲಿ ಬಂತು. ನೋಡಲು ಚೆಂದವಿತ್ತು. ಕಿತ್ತಳೆ ಬಣ್ಣ, ಮೊನೆಯಾದ ಬಾಲ. ಅಗಲ ಅಳೆದರೆ 60 ಸೆಂಟಿಮೀಟರ್. ‘ಇಸ್ತ್ರಿ ಮೇಜಿನಂತಿದೆ’ ಎಂದಳು ಹೆಂಡತಿ. ಅವಳಿಗೇನು ಗೊತ್ತು ಎಂದುಕೊಂಡೆ.

ಭಾನುವಾರ ಬೆಳಗ್ಗೆ ಹಿನ್ನೀರಿಗೆ ಒಯ್ದೆ. ಗಾಳಿ ಗಂಟೆಗೆ 12 ಕಿಲೋಮೀಟರ್ ಎಂದು ಫೋನ್ ತೋರಿಸುತ್ತಿತ್ತು, ನಾಟ್ ಲೆಕ್ಕದಲ್ಲಿ ಆರೂವರೆ. ದಂಡೆಯಲ್ಲಿ ನನ್ನ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇವರಿಗೆ ಯಾರು ಹೇಳಿದರೋ. ನಾನೇ ಹೇಳಿದ್ದೆ, ಶನಿವಾರ, ಇಡೀ ತರಗತಿಗೆ.

ಎದೆಮಟ್ಟದ ನೀರಿಗೆ ಇಳಿದು ಬೋರ್ಡಿನ ಮೇಲೆ ಮಂಡಿಯೂರಿದೆ. ಒಂದು ಕಡೆ ವಾಲಿತು, ಬಿದ್ದೆ. ಮತ್ತೆ ಹತ್ತಿದೆ. ಈ ಸಲ ಎದ್ದು ನಿಂತೆ, ಹಗ್ಗ ಹಿಡಿದು ಹಾಯಿಯನ್ನು ನೀರಿನಿಂದ ಮೇಲಕ್ಕೆ ಎಳೆದೆ. ಹಾಯಿ ಮೇಲೆ ಬಂತು, ನಾನು ಕೆಳಗೆ ಹೋದೆ. ಬೀಳಲಿಲ್ಲ, ಗಮನಿಸಿ, ಇಳಿದೆ. ನಿಂತ ಹಾಗೆಯೇ, ಲಿಫ್ಟಿನಲ್ಲಿ ಇಳಿಯುವಂತೆ. ಮೊದಲು ಬೋರ್ಡ್ ಕಾಣಿಸದಾಯಿತು, ಆಮೇಲೆ ನನ್ನ ಪಾದ, ಆಮೇಲೆ ಮೊಣಕಾಲು. ಹಾಯಿ ಹಿಡಿದುಕೊಂಡು ನೀರಿನ ನಡುವೆ ಮೊಣಕಾಲುದ್ದ ಮುಳುಗಿ ನಿಂತ ಗಣಿತದ ಮಾಸ್ತರ. ಆಮೇಲೆ ಬಿದ್ದೆ.

ದಂಡೆಯಿಂದ ಒಬ್ಬ ಕೂಗಿ ಕೇಳಿದ. ತಮಾಷೆಗಲ್ಲ, ನಿಜವಾಗಿಯೂ ಸಂದೇಹದಿಂದ: ‘ಸರ್, ಬೋರ್ಡಿನ ತೂಕವನ್ನೂ ಕೂಡಿಸಬೇಕಲ್ಲವೇ?’

ಆಗ ಹೊಳೆಯಿತು. ನೀರಿನಲ್ಲಿ ನಿಂತೇ ಕೂಡಿಸಿದೆ. ನಾನು 82. ಬೋರ್ಡ್ 7. ಮಾಸ್ಟ್, ಬೂಮ್, ಹಾಯಿ ಸೇರಿ 9, ಅದು ನೀರಿನಲ್ಲಿ ಮಲಗಿರುವಾಗ ತನ್ನಷ್ಟಕ್ಕೆ ಇರುತ್ತದೆ, ಎತ್ತಿದ ಕ್ಷಣ ಅದರ ಭಾರವೂ ಬೋರ್ಡಿನ ಮೇಲೆಯೇ. ಒದ್ದೆ ಬಟ್ಟೆ, ಜಾಕೆಟ್ 2. ಒಟ್ಟು 100. ಬೋರ್ಡ್ 96. ಆರ್ಕಿಮಿಡೀಸನ ತತ್ವ ಆ ಹುಡುಗರ ವಿಜ್ಞಾನದ ಪಾಠದಲ್ಲಿದೆ. ನನ್ನ ಪಕ್ಕದ ಕೊಠಡಿಯಲ್ಲಿ ವರ್ಷವೂ ಅದನ್ನು ಹೇಳಿಕೊಡುತ್ತಾರೆ, ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ಒಂಬತ್ತನೆಯ ತರಗತಿಯ ಹುಡುಗನಿಗೆ ದಂಡೆಯಲ್ಲಿ ನಿಂತು ಹೊಳೆದದ್ದು ನನಗೆ 58,000 ಕೊಡುವ ಮೊದಲು ಹೊಳೆಯಲಿಲ್ಲ.

ಅಷ್ಟಕ್ಕೇ ಮನೆಗೆ ಹೋಗಬೇಕಿತ್ತು. ಹಟ. ಅರ್ಧ ಗಂಟೆ ಹತ್ತುವುದು ಬೀಳುವುದು ನಡೆಸಿದೆ. ಅಷ್ಟರಲ್ಲಿ ಗಾಳಿ ನನ್ನನ್ನು ಬೋರ್ಡಿನ ಸಮೇತ ದಂಡೆಯಿಂದ ಬಹಳ ದೂರ ತಳ್ಳಿತ್ತು. ಡ್ಯಾಗರ್‌ಬೋರ್ಡ್ ಏಕೆ ಬೇಕು ಎಂದು ಅಲ್ಲಿ ತಿಳಿಯಿತು. ಸಣ್ಣ ಗಾಳಿಯಲ್ಲಿ ನೀರನ್ನು ಕಚ್ಚಿ ಹಿಡಿಯಲು ಕೆಳಗೆ ಏನಾದರೂ ಇರಬೇಕು, ಇಲ್ಲದಿದ್ದರೆ ಬೋರ್ಡ್ ಗಾಳಿ ನೂಕಿದ ಕಡೆಗೆ ಅಡ್ಡಡ್ಡ ಜಾರುತ್ತದೆ, ಹೊರಟ ಜಾಗಕ್ಕೆ ವಾಪಸ್ ಬರುವುದು ಹೊಸಬನಿಂದ ಆಗುವುದಿಲ್ಲ. ಕೊನೆಗೆ ಮೀನು ಹಿಡಿಯುತ್ತಿದ್ದ ಕಾಕಾ ಒಬ್ಬರು ಹರಿಗೋಲು ತಂದು ಎಳೆದುಕೊಂಡು ಹೋದರು. ದಾರಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮಾಸ್ತರರೇ, ಇದಕ್ಕೂ ಮುಳುಗಡೆ ಪರಿಹಾರ ಕೊಡುತ್ತಾರೆಯೇ?’

ಮನೆಗೆ ಬಂದು ಫೋನ್ ಮಾಡಿದೆ. ಎತ್ತಲಿಲ್ಲ. ಸಂದೇಶ ಕಳಿಸಿದೆ. ಬಂದ ಉತ್ತರಗಳನ್ನು ಒಂದೊಂದಾಗಿ ಕೊಡುತ್ತೇನೆ, ಇದೇ ಮುಖ್ಯ.

ಮೊದಲ ದಿನ: ‘ನಿಮ್ಮದು ಸಿಹಿನೀರು ಸರ್. ಇದು ಸಮುದ್ರದ ಬೋರ್ಡ್. ಉಪ್ಪುನೀರು ಜಾಸ್ತಿ ಎತ್ತುತ್ತದೆ.’ ಇದು ಸುಳ್ಳಲ್ಲ, ಅದೇ ಸಿಟ್ಟು ಬರಿಸುವುದು. ಉಪ್ಪುನೀರು ಎತ್ತುವುದು ಶೇಕಡಾ ಎರಡೂವರೆಯಷ್ಟು ಜಾಸ್ತಿ. 96 ಲೀಟರಿಗೆ 2.4 ಕೆಜಿ. ಅರಬ್ಬೀ ಸಮುದ್ರಕ್ಕೆ ಹೋದರೂ ನಾನು ಮುಳುಗುತ್ತಿದ್ದೆ. ಇದನ್ನು ಲೆಕ್ಕ ಮಾಡಿ ಕಳಿಸಿದೆ.

ಎರಡನೆಯ ದಿನ: ‘ಹಾಯಿ ಎಳೆದು ನಿಲ್ಲುವುದು ಮಕ್ಕಳ ವಿಧಾನ ಸರ್. ನೀವು ವಾಟರ್‌ಸ್ಟಾರ್ಟ್ ಮಾಡಿ.’ ಅಂದರೆ ನೀರಿನಲ್ಲಿ ಮಲಗಿ, ಹಾಯಿಗೆ ಗಾಳಿ ತುಂಬಿಸಿ, ಅದು ನಮ್ಮನ್ನು ಬೋರ್ಡಿನ ಮೇಲೆ ಎತ್ತಿ ನಿಲ್ಲಿಸುವಂತೆ ಮಾಡುವುದು. 82 ಕೆಜಿಯನ್ನು ನೀರಿನಿಂದ ಎಬ್ಬಿಸುವ ಕಸುವು ಆರೂವರೆ ನಾಟ್ ಗಾಳಿಗೆ ಎಲ್ಲಿಂದ ಬರಬೇಕು? ಅದೂ ಅವರು ಕೊಟ್ಟ ಹಾಯಿ 4.5 ಚದರ ಮೀಟರಿನದು. ಸಣ್ಣ ಗಾಳಿಗೆ ಸಣ್ಣ ಹಾಯಿ!

ಮೂರನೆಯ ದಿನ: ‘ಜೂನ್‌ವರೆಗೆ ಕಾಯಿರಿ ಸರ್, ಮುಂಗಾರಿನ ಗಾಳಿಗೆ ಹಾರುತ್ತದೆ.’ ಸಣ್ಣ ಗಾಳಿಗೂ ಓಡುತ್ತದೆ ಎಂದಿದ್ದವರು ಇವರೇ.

ನಾಲ್ಕನೆಯ ದಿನ: ‘ಸ್ವಲ್ಪ ತೂಕ ಇಳಿಸಿ ಸರ್, ಆರೋಗ್ಯಕ್ಕೂ ಒಳ್ಳೆಯದು.’

ಇದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ತೂಕ ಇಳಿಸಲು ಅಲ್ಲ, ಸಿಟ್ಟಿಗೆ.

ಭಾವಮೈದುನ ವಕೀಲ. ಎಲ್ಲ ಸಂದೇಶ ತೋರಿಸಿದೆ. ಓದಿ, ‘ಭಾವ, 96 ಲೀಟರ್ ಎಂದು ಅವರೇ ಬರೆದು ಕೊಟ್ಟಿದ್ದಾರಲ್ಲ, ನಿಮ್ಮ ತೂಕ 82 ಎಂದು ನೀವೇ ಬರೆದಿದ್ದೀರಿ. ಕೂಡಿಸಬೇಕಾದವರು ಯಾರು?’ ಎಂದ. ನ್ಯಾಯಾಲಯದಲ್ಲಿ ಇದನ್ನು ಇನ್ನೊಬ್ಬರ ಬಾಯಿಂದ ಕೇಳುವ ಆಸೆ ನನಗಿಲ್ಲ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಮೊದಲ ಬೋರ್ಡಿಗೆ, ಅದೂ ನಮ್ಮ ಕಡೆಯ ಸಣ್ಣ ಗಾಳಿಗೆ, ನಿಮ್ಮ ತೂಕದ ಮೇಲೆ ಇನ್ನೊಂದು ನೂರು ಲೀಟರ್ ಇರಲಿ. ನನ್ನಂಥವನಿಗೆ 180ರಿಂದ 200 ಬೇಕಿತ್ತು. ಅಗಲ 80 ಸೆಂಟಿಮೀಟರಿಗೆ ಕಡಿಮೆ ಬೇಡ, ಡ್ಯಾಗರ್‌ಬೋರ್ಡ್ ಇರಲೇಬೇಕು, ಅದನ್ನು ಹಳೆಯ ಕಾಲದ್ದು ಎನ್ನುವವರ ಜೊತೆ ಮಾತು ಮುಂದುವರಿಸಬೇಡಿ. 96 ಲೀಟರಿನದು ಕೆಟ್ಟ ಬೋರ್ಡ್ ಅಲ್ಲ, ಹದಿನೈದು ನಾಟ್ ಮೇಲಿನ ಗಾಳಿಯಲ್ಲಿ, ಬಲ್ಲವರ ಕಾಲ ಕೆಳಗೆ ಅದು ಬಾಣದಂತೆ ಹೋಗುತ್ತದೆಯಂತೆ. ಹೋಗಲಿ. ‘ಹೊಸಬರಿಗೆ’ ಎಂದು ಬರೆದು ಮಾರಬಾರದಿತ್ತು. ಇನ್ನೊಂದು, ಕೊಳ್ಳುವ ಮೊದಲು ಯಾರಿಗೂ ಹೇಳಬೇಡಿ, ವಿಶೇಷವಾಗಿ ಒಂಬತ್ತನೆಯ ತರಗತಿಗೆ.

ಕಳೆದ ವಾರ ಅವರಿಂದಲೇ ಸಂದೇಶ ಬಂತು. ‘ಬೇಡವಾದರೆ 25,000ಕ್ಕೆ ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ ಸರ್. ಸಾಗಣೆ ಖರ್ಚು ನಿಮ್ಮದು.’ ದೊಡ್ಡ ಮನಸ್ಸು ಎಂದುಕೊಂಡು, ಸೋತವನಂತೆ, ಬೋರ್ಡನ್ನು ಅದರ ಚೀಲಕ್ಕೆ ತುಂಬಲು ಹೋದೆ. ಚೀಲದ ಒಳಗಿನ ಜೇಬಿನಲ್ಲಿ ಮಡಿಸಿದ ಎರಡು ಹಳೆಯ ಸಾಗಣೆ ಚೀಟಿಗಳು ಸಿಕ್ಕವು. ಒಂದು ಅವರ ಊರಿನಿಂದ ಪುಣೆಗೆ. ಇನ್ನೊಂದು, ಐದು ವಾರದ ನಂತರದ ತಾರೀಕು, ಪುಣೆಯಿಂದ ಅವರ ಊರಿಗೆ.

ಬೋರ್ಡ್ ಕಳಿಸಿಲ್ಲ. ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಪುಣೆಯಲ್ಲಿ ಇದನ್ನು ಕೊಂಡಿದ್ದವರು ಕನ್ನಡದವರಾಗಿದ್ದು, ಇದು ನಿಮ್ಮ ಕಣ್ಣಿಗೆ ಬಿದ್ದರೆ, ನಿಮ್ಮ ತೂಕ ಎಷ್ಟು ಮತ್ತು ಎಷ್ಟಕ್ಕೆ ವಾಪಸ್ ಕೊಟ್ಟಿರಿ, ಎರಡನ್ನೂ ದಯವಿಟ್ಟು ತಿಳಿಸಿ.