ಎಲೀಟ್ ಡೇಂಜರಸ್ ಆಡುವವರೇ, ಗುರುತಿಲ್ಲದವರ ಜೊತೆ ಟೀಮ್ ಕಟ್ಟಿ ಜೀವಿ ಹುಡುಕಲು ಹೋಗಬೇಡಿ

ಎಲೀಟ್ ಡೇಂಜರಸ್ ಅನ್ನುವ ಬಾಹ್ಯಾಕಾಶದ ಆಟದಲ್ಲಿ ಎಕ್ಸೋಬಯಾಲಜಿ, ಅಂದರೆ ಬೇರೆ ಗ್ರಹಗಳ ಜೀವಿ ಹುಡುಕಿ ದಾಖಲಿಸುವ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಇಬ್ಬರು ಮತ್ತು ಧಾರವಾಡದ ಒಬ್ಬರು, ಮೂರು ವಾರ ಸುತ್ತಿ ಕೂಡಿಸಿದ ಮಾದರಿಗಳ ಜೊತೆ ನಾಲ್ಕನೆಯವನೊಬ್ಬನನ್ನು ಟೀಮಿಗೆ ಸೇರಿಸಿಕೊಂಡರು. ಒಂದೇ ರಾತ್ರಿಯಲ್ಲಿ ಹುಬ್ಬಳ್ಳಿಯ ಇಬ್ಬರದೂ ಸೊನ್ನೆಗೆ ಬಂತು. ಧಾರವಾಡದವರದು ಉಳಿಯಿತು, ಅದೂ ಜಾಣತನದಿಂದಲ್ಲ.

ಸೊನ್ನೆ ಅಂದರೆ ಎಷ್ಟು ಅನ್ನುವುದು ಹೊಸಬರಿಗೆ ಗೊತ್ತಿರಲಿ. 2021ರ ಮೇ ತಿಂಗಳಲ್ಲಿ ಬಂದ ಒಡಿಸ್ಸಿ ವಿಸ್ತರಣೆಯ ನಂತರ, ತೆಳು ವಾತಾವರಣದ ಗ್ರಹಗಳ ಮೇಲೆ ಇಳಿದು, ನಡೆದುಕೊಂಡೇ ಹೋಗಿ ಅಲ್ಲಿನ ಜೀವಿಗಳ ಮಾದರಿ ತೆಗೆಯಬಹುದು. ಇದಕ್ಕೆ ಆರ್ಟೆಮಿಸ್ ಸೂಟ್ ಬೇಕೇ ಬೇಕು, ಪಯೋನಿಯರ್ ಸಪ್ಲೈಸ್ ಅಂಗಡಿಯಲ್ಲಿ 1,50,000 ಕ್ರೆಡಿಟ್. ಮಾದರಿ ತೆಗೆಯುವ ಸಾಧನ ಅದರ ಜೊತೆಗೇ ಬರುತ್ತದೆ. ಒಂದೇ ತಳಿಯ ಮೂರು ಮಾದರಿ ಸಿಕ್ಕರೆ ಒಂದು ದಾಖಲೆ ಪೂರ್ಣ. ಅದನ್ನು ನಿಲ್ದಾಣದೊಳಗಿನ ವಿಸ್ಟಾ ಜಿನೋಮಿಕ್ಸ್ ಕೌಂಟರಿನಲ್ಲಿ ಮಾರಿದಾಗಲೇ ದುಡ್ಡು. ಸ್ಟ್ರೇಟಮ್ ಟೆಕ್ಟೋನಿಕಾಸ್ ಅನ್ನುವ ಒಂದು ತಳಿಗೇ 1,90,10,800 ಕ್ರೆಡಿಟ್. ಅದನ್ನು ಆ ಗ್ರಹದಲ್ಲಿ ಮೊದಲು ದಾಖಲಿಸಿದವರು ನೀವೇ ಆಗಿದ್ದರೆ ಒಟ್ಟು ಐದು ಪಟ್ಟು, ಅಂದರೆ 9.5 ಕೋಟಿ. ಇಂಥವು ಹತ್ತು ಜೇಬಿನಲ್ಲಿದ್ದರೆ 95 ಕೋಟಿ ಹೊತ್ತುಕೊಂಡು ತಿರುಗುತ್ತಿದ್ದೀರಿ ಅಂತ ಲೆಕ್ಕ. ಮಾರುವ ಮೊದಲು ಸತ್ತರೆ ಅಷ್ಟೂ ಹೋಯಿತು. ಹಡಗಿಗೆ ವಿಮೆ ಇದೆ, ಬೆಲೆಯ ಶೇಕಡಾ 5 ಕಟ್ಟಿದರೆ ಹೊಸದು ಸಿಗುತ್ತದೆ. ಮಾದರಿಗೆ ವಿಮೆ ಇಲ್ಲ.

ನಾಲ್ಕನೆಯವನು ಸಿಕ್ಕದ್ದು ಆನ್‌ಲೈನ್ ಚಾಟಿನಲ್ಲಿ. ಟೆಕ್ಟೋನಿಕಾಸ್ ಇರುವ, ಯಾರೂ ಕಾಲಿಡದ ಗ್ರಹ ತೋರಿಸ್ತೀನಿ ಅಂದ. ಮಾತು ಅಪ್ಪಟ ನಮ್ಮ ಕಡೆಯದು: 'ಪ್ರೈವೇಟ್ ಗ್ರೂಪಿನ ಕಿರಿಕಿರಿ ಬಿಡ್ರಿ, ಓಪನ್‌ನ್ಯಾಗ ಬರ್ರಿ, ಅಲ್ಲೆ ಕನೆಕ್ಷನ್ ಛಲೋ ಸಿಗತೈತಿ.' ಪ್ರೈವೇಟ್ ಗ್ರೂಪ್ ಅಂದರೆ ಕರೆದವರಷ್ಟೇ ಇರುವ ಮೋಡ್, ಓಪನ್ ಅಂದರೆ ಯಾವ ಆಟಗಾರ ಬೇಕಾದರೂ ಎದುರಾಗುವ ಮೋಡ್. ಆ ಮಾತಿನ ಧಾಟಿಗೇ ಮೂವರೂ ಮೆತ್ತಗಾದರು ಅನ್ನಿ. ಹೇಳಿದ ಗ್ರಹವೇನೋ ನಿಜವಾದದ್ದೇ. ಲೋಹಾಂಶ ಹೆಚ್ಚಿರುವ ನೆಲ, ತಾಪಮಾನ 165 ಕೆಲ್ವಿನ್‌ಗಿಂತ ಮೇಲೆ, ತೆಳು ವಾತಾವರಣ. ಟೆಕ್ಟೋನಿಕಾಸ್ ಬೆಳೆಯುವುದು ಇಂಥ ಕಡೆಯೇ. ಹಾಗಾಗಿ ಅನುಮಾನಕ್ಕೆ ಜಾಗ ಇರಲಿಲ್ಲ.

ಪ್ರೋಬ್ ಹಾರಿಸಿ ಗ್ರಹದ ನಕ್ಷೆ ಮಾಡಿಕೊಂಡು, ಜೀವಿ ಇರಬಹುದು ಅಂತ ನಕ್ಷೆ ತೋರಿಸಿದ ಜಾಗದಲ್ಲಿ ಇಳಿದರು. ಹಡಗುಗಳನ್ನು ಮೇಲಕ್ಕೆ ಕಳಿಸಿ, ಹುಬ್ಬಳ್ಳಿಯ ಇಬ್ಬರೂ ಬೇರೆಬೇರೆ ದಿಕ್ಕಿಗೆ ನಡೆದರು. ಎರಡನೇ ಮಾದರಿ ಮುಗಿಸುವ ಹೊತ್ತಿಗೆ ನಾಲ್ಕನೆಯವನ ಹಡಗು ನೆಲಕ್ಕೆ ತಾಗುವಷ್ಟು ಕೆಳಗೆ ಬಂತು, ಗುಂಡು ಹಾರಿತು. ಹಡಗಿನ ಬಂದೂಕಿನ ಮುಂದೆ ಆರ್ಟೆಮಿಸ್ ಸೂಟಿನ ಶೀಲ್ಡ್ ಹಪ್ಪಳ ಇದ್ದಂಗ. ಮೊದಲನೆಯವರು ಬಿದ್ದದ್ದು ಗೊತ್ತಾಗಿ ಎರಡನೆಯವರು ಮೆನುವಿನಿಂದ ಹೊರಬೀಳಲು ನೋಡಿದರು. ಅಪಾಯದಲ್ಲಿದ್ದಾಗ ಹಾಗೆ ಹೊರಬೀಳಲು 15 ಸೆಕೆಂಡ್ ಕಾಯಬೇಕು. ಅಷ್ಟು ಹೊತ್ತು ಯಾರೂ ಕೊಡುವುದಿಲ್ಲ.

ಅಲ್ಲಿ ಪೊಲೀಸರೂ ಬರುವುದಿಲ್ಲ. ಜನವಸತಿ ಇಲ್ಲದ ನಕ್ಷತ್ರ ವ್ಯವಸ್ಥೆಯಲ್ಲಿ ಕಾನೂನೇ ಇಲ್ಲ, ಕೊಂದವನ ತಲೆಗೆ ಬಹುಮಾನವೂ ಬೀಳುವುದಿಲ್ಲ. ಓಪನ್ ಮೋಡಿನಲ್ಲಿ ಇನ್ನೊಬ್ಬ ಆಟಗಾರನನ್ನು ಕೊಲ್ಲುವುದು ಆಟದ ನಿಯಮದ ಒಳಗೇ ಇದೆ, ದೂರು ಕೊಟ್ಟರೆ ಮಾದರಿ ವಾಪಸ್ ಸಿಗುತ್ತದೆ ಅಂತ ಕಾಯಬೇಡಿ. ಯಾರು ಹೊಡೆದರು ಅನ್ನುವುದು ಮಾತ್ರ ನಿಮ್ಮ ಕಂಪ್ಯೂಟರಿನಲ್ಲೇ ಬರೆದಿರುತ್ತದೆ. ವಿಂಡೋಸ್‌ನ ಸೇವ್ಡ್ ಗೇಮ್ಸ್ ಫೋಲ್ಡರ್, ಅದರೊಳಗೆ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್, ಅದರೊಳಗೆ ಎಲೀಟ್ ಡೇಂಜರಸ್. ಅಲ್ಲಿ ಜರ್ನಲ್ ಅಂತ ಶುರುವಾಗುವ ಕಡತಗಳಿವೆ. ಆ ದಿನದ್ದನ್ನು ನೋಟ್‌ಪ್ಯಾಡಿನಲ್ಲಿ ತೆರೆದು 'ಡೈಡ್' (Died) ಅನ್ನುವ ಸಾಲು ಹುಡುಕಿದರೆ ಕೊಂದವನ ಹೆಸರು, ಅವನ ಹಡಗು ಎರಡೂ ಸಿಗುತ್ತವೆ. ಆ ಹೆಸರನ್ನು ಬ್ಲಾಕ್ ಮಾಡಿ. ಬ್ಲಾಕ್ ಅಂದರೆ ಬರೀ ಚಾಟ್ ಮುಚ್ಚುವುದಲ್ಲ, ಮುಂದೆ ಅವನೂ ನೀವೂ ಒಂದೇ ಜಾಗದಲ್ಲಿ ಕೂಡುವ ಸಾಧ್ಯತೆಯೂ ಕಡಿಮೆಯಾಗುತ್ತದೆ.

ಈ ಕೆಲಸದಲ್ಲಿ ಮೈಮರೆಯುವುದು ಯಾಕೆ ಸುಲಭ ಅನ್ನುವುದು ಅಂತರದ ಲೆಕ್ಕ ನೋಡಿದರೆ ತಿಳಿಯುತ್ತದೆ. ಮಾದರಿ ತೆಗೆದ ಗಿಡದ ಪಕ್ಕದ ಗಿಡ ನಡೆಯುವುದಿಲ್ಲ, ಪ್ರತಿ ಮಾದರಿಗೂ ನಡುವೆ ಕನಿಷ್ಠ ಅಂತರ ಬೇಕು. ಫ್ಯೂಮೆರೋಲಾ ಅನ್ನುವ ಜೀವಿಗೆ 100 ಮೀಟರ್ ಸಾಕು. ಅಲಿಯೋಯ್ಡಾ, ಕೊಂಕಾ, ಫ್ರುಟೆಕ್ಸಾಗೆ 150, ಟಸ್ಸಕ್‌ಗೆ 200, ಫಂಗೋಯ್ಡಾ ಮತ್ತು ಕ್ಯಾಕ್ಟೋಯ್ಡಾಗೆ 300. ಬ್ಯಾಕ್ಟೀರಿಯಂ, ಸ್ಟ್ರೇಟಮ್ ಎರಡಕ್ಕೂ 500. ಒಸ್ಸಿಯಸ್, ಟ್ಯೂಬಸ್ ಅಂದರೆ 800, ಎಲೆಕ್ಟ್ರಿಕೆಗೆ ಪೂರಾ 1,000 ಮೀಟರ್. 500 ಮೀಟರ್ ಅಂದರೆ ಅರ್ಧ ಕಿಲೋಮೀಟರ್, ಅದನ್ನು ಎರಡು ಸಲ ನಡೆಯಬೇಕು, ಕಣ್ಣು ನೆಲದ ಮೇಲೆ. ಆಕಾಶ ನೋಡುವವರು ಯಾರು? ಮೇಲಿನಿಂದ ನೋಡಲಿ ಅಂತಲೇ ಟೀಮ್ ಕಟ್ಟುವುದು; ಒಬ್ಬರು ಹಡಗಿನಲ್ಲಿ ಕೂತು ತಗ್ಗಿನಲ್ಲಿ ಹಾರುತ್ತ ಮುಂದಿನ ಗುಂಪು ಎಲ್ಲಿದೆ ಅಂತ ಹೇಳಿದರೆ ನಡೆಯುವವರ ಕೆಲಸ ಅರ್ಧ ಆಗುತ್ತದೆ. ಇಲ್ಲಿ ಆ ಕುರ್ಚಿಯನ್ನು ಹೊಸಬನಿಗೇ ಕೊಟ್ಟಿದ್ದರು.

ಇನ್ನೊಂದು, ಯಾರೂ ಗುಂಡು ಹಾರಿಸದೆಯೂ ಆಗುವ ನಷ್ಟ. ಟಸ್ಸಕ್‌ನ ಎರಡು ಮಾದರಿ ಆಗಿದೆ, ದಾರಿಯಲ್ಲಿ ಬ್ಯಾಕ್ಟೀರಿಯಂ ಕಂಡಿತು ಅಂತ ಅದಕ್ಕೆ ಸಾಧನ ಹಿಡಿದರೆ ಟಸ್ಸಕ್‌ನ ಎರಡೂ ಅಳಿಸಿಹೋಗುತ್ತವೆ. ಒಂದನ್ನು ಮೂರಕ್ಕೆ ಮುಟ್ಟಿಸಿ ಆಮೇಲೆ ಮುಂದಿನದು. ಗುರುತ್ವವನ್ನೂ ಇಳಿಯುವ ಮೊದಲೇ ಸಿಸ್ಟಮ್ ಮ್ಯಾಪಿನಲ್ಲಿ ನೋಡಿಕೊಳ್ಳಿ. ಸುಮಾರು 2.7 ಜಿ, ಅಂದರೆ ಭೂಮಿಯ ಗುರುತ್ವದ 2.7 ಪಟ್ಟು ದಾಟಿದರೆ ಹಡಗಿನಿಂದ ಕೆಳಗಿಳಿಯಲು ಆಟವೇ ಬಿಡುವುದಿಲ್ಲ, ಅದಕ್ಕಿಂತ ಕಡಿಮೆ ಇದ್ದರೂ ಭಾರದ ಗ್ರಹದಲ್ಲಿ ಜೆಟ್‌ಪ್ಯಾಕ್ ಹಾರಿಸಿ ಬಿದ್ದು ಸತ್ತವರಿಗೇನೂ ಕಡಿಮೆಯಿಲ್ಲ.

ಈಗ ಆ 'ಓಪನ್‌ನ್ಯಾಗ ಕನೆಕ್ಷನ್ ಛಲೋ' ಅನ್ನುವ ಮಾತಿಗೆ ಬರೋಣ, ಬೇರೆಯವರೂ ಇದನ್ನು ನಂಬುತ್ತಾರೆ. ಅದು ಸುಳ್ಳು. ಈ ಆಟದಲ್ಲಿ ಆಟಗಾರರ ಕಂಪ್ಯೂಟರುಗಳು ಒಂದಕ್ಕೊಂದು ನೇರವಾಗಿ ಮಾತಾಡುತ್ತವೆ. ಓಪನ್ ಆಗಲಿ ಪ್ರೈವೇಟ್ ಗ್ರೂಪ್ ಆಗಲಿ, ದಾರಿ ಒಂದೇ. ಟೀಮಿನಲ್ಲಿ ಹೆಸರು ಕಾಣುತ್ತದೆ ಆದರೆ ಪಕ್ಕದಲ್ಲಿ ಇಳಿದರೂ ಹಡಗು ಕಾಣುವುದಿಲ್ಲ ಅಂದರೆ ತೊಂದರೆ ಇರುವುದು ಹೆಚ್ಚಾಗಿ ನಿಮ್ಮದೋ ಜೊತೆಯವರದೋ ಮನೆಯ ಇಂಟರ್ನೆಟ್ಟಿನಲ್ಲಿ. ರೂಟರಿನ ಪುಟ ತೆರೆದು ವ್ಯಾನ್ ಐಪಿ ಅನ್ನುವ ಸಂಖ್ಯೆ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಒಂದೇ ಹೊರವಿಳಾಸವನ್ನು ನಿಮ್ಮ ಜೊತೆ ಇನ್ನೂ ಎಷ್ಟೋ ಮನೆಗಳು ಹಂಚಿಕೊಂಡಿವೆ ಅಂತ ಅರ್ಥ. ಆಗ ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ ಎಷ್ಟೇ ತೆರೆದರೂ ಉಪಯೋಗವಿಲ್ಲ. ಕನೆಕ್ಷನ್ ಕೊಟ್ಟವರ ಹತ್ತಿರ ಪಬ್ಲಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಸೇರಿದ ಹೊರವಿಳಾಸ ಕೇಳಬೇಕು, ತಿಂಗಳಿಗೆ ಒಂದಿಷ್ಟು ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ. ಮೊಬೈಲ್ ಹಾಟ್‌ಸ್ಪಾಟಿನಲ್ಲೂ ಸಾಮಾನ್ಯವಾಗಿ ಇದೇ ಕಥೆ. ಪಬ್ಲಿಕ್ ಐಪಿ ಇದ್ದರೆ ಆಟದ ನೆಟ್‌ವರ್ಕ್ ಆಯ್ಕೆಗಳಲ್ಲಿ ಒಂದು ಪೋರ್ಟ್ ಸಂಖ್ಯೆ ಕೊಟ್ಟು, ರೂಟರಿನಲ್ಲೂ ಅದೇ ಸಂಖ್ಯೆಯ ಯುಡಿಪಿ ಪೋರ್ಟನ್ನು ನಿಮ್ಮ ಕಂಪ್ಯೂಟರಿಗೆ ತಿರುಗಿಸಿ. ಅಣ್ಣ-ತಮ್ಮ ಒಂದೇ ಮನೆಯಲ್ಲಿ ಎರಡು ಕಂಪ್ಯೂಟರಿನಲ್ಲಿ ಆಡುತ್ತಿದ್ದರೆ ಇಬ್ಬರಿಗೂ ಬೇರೆಬೇರೆ ಸಂಖ್ಯೆ, ಇಲ್ಲದಿದ್ದರೆ ಒಬ್ಬರು ಯಾವಾಗಲೂ ಹೊರಗೇ ಉಳಿಯುತ್ತಾರೆ.

ಪ್ರೈವೇಟ್ ಗ್ರೂಪ್ ಕಟ್ಟುವುದು ಕಿರಿಕಿರಿಯೂ ಅಲ್ಲ. ಒಬ್ಬರು ಗ್ರೂಪ್ ಮಾಡಿ ಉಳಿದವರ ಕಮಾಂಡರ್ ಹೆಸರು ಸೇರಿಸಿದರೆ ಆಯಿತು, ಮುಂದೆ ಆಟ ಶುರುಮಾಡುವಾಗ ಓಪನ್ ಬದಲು ಆ ಗ್ರೂಪ್ ಒತ್ತುವುದು ಅಷ್ಟೇ. ನಕ್ಷತ್ರಗಳೂ ಅವೇ, ಜೀವಿಗಳೂ ಅವೇ, ರೇಟೂ ಅದೇ. ಗುರುತಿಲ್ಲದವನ ಜೊತೆ ಹೋಗಲೇಬೇಕು ಅನಿಸಿದರೆ ಮೊದಲು ನಿಲ್ದಾಣಕ್ಕೆ ಬಂದು ಕೈಯಲ್ಲಿದ್ದದ್ದನ್ನೆಲ್ಲ ಮಾರಿ, ಖಾಲಿ ಕೈಯಲ್ಲಿ ಹೋಗಿ. ಟೀಮಿನಲ್ಲಿರುವವರಿಗೆ ನೀವು ಎಲ್ಲಿದ್ದೀರಿ ಅನ್ನುವುದು ಕಾಣುತ್ತದೆ, ನ್ಯಾವ್-ಲಾಕ್ ಅನ್ನುವ ಹಿಂಬಾಲಿಸುವ ಆಯ್ಕೆ ಹಾಕಿ ನೇರ ನಿಮ್ಮ ಬೆನ್ನಿಗೇ ಬಂದು ಇಳಿಯಬಹುದು. ಇದು ಸ್ನೇಹಿತರಿಗೆ ಮಾಡಿಕೊಟ್ಟ ಅನುಕೂಲ. ವಾಪಸ್ ಬರುವಾಗ ಡೇಸಿಯಾಟ್‌ನಂಥ ಕಡೆ ಓಪನ್‌ನಲ್ಲಿ ಹೋಗಲೇಬೇಡಿ. ಹಡಗಿನ ಭಾಗಗಳನ್ನು ಬಲಪಡಿಸಿಕೊಡುವ ಎಂಜಿನಿಯರ್ ಹತ್ತಿರ ಬರುವವರನ್ನು ಹೊಡೆಯಲೆಂದೇ ಅಲ್ಲಿ ಜನ ಕಾದಿರುತ್ತಾರೆ.

ಹಳೆಯ ಡಿಸ್ಕ್ ಅಗ್ಗಕ್ಕೆ ಸಿಕ್ಕಿತು ಅಂತ ಪ್ಲೇಸ್ಟೇಷನ್‌ಗೋ ಎಕ್ಸ್‌ಬಾಕ್ಸ್‌ಗೋ ಈ ಆಟ ಕೊಳ್ಳಲು ಹೊರಟವರಿಗೂ ಒಂದು ಮಾತು. ಕನ್ಸೋಲಿಗೆ ಒಡಿಸ್ಸಿ ಬರಲೇ ಇಲ್ಲ, 2022ರ ಮಾರ್ಚಿನಲ್ಲಿ ಆ ಕೆಲಸವನ್ನೇ ಕೈಬಿಟ್ಟರು. ಕಾಲಿಟ್ಟು ನಡೆದು ಮಾದರಿ ತೆಗೆಯುವುದು ಕಂಪ್ಯೂಟರಿನಲ್ಲಿ ಮಾತ್ರ.

ಧಾರವಾಡದವರದು ಉಳಿದ ಬಗೆ ಇದು. ಅವರ ರೂಟರಿನ ವ್ಯಾನ್ ಐಪಿ 100.70 ಅಂತ ಶುರುವಾಗುತ್ತಿತ್ತು, ಅಂದರೆ ಹಂಚಿಕೊಂಡ ವಿಳಾಸ. ಅದೇ ಗ್ರಹದ ಅದೇ ಜಾಗದಲ್ಲಿ ಇಳಿದರೂ ಅವರಿಗೆ ಕಂಡದ್ದು ಖಾಲಿ ಬಯಲು, ಒಂದು ಹಡಗೂ ಇಲ್ಲ. ಹಾಳು ಇಂಟರ್ನೆಟ್ಟು ಅಂತ ಬೈದುಕೊಳ್ಳುತ್ತ ಒಬ್ಬರೇ ಮೂರನೇ ಮಾದರಿ ಮುಗಿಸಿದರು. ಫೋನ್ ಬಂದ ಮೇಲೆ ಟೀಮ್ ಬಿಟ್ಟು, ಆಟದಿಂದ ಹೊರಗೆ ಬಂದು, ಬೇರೆ ಆಟಗಾರರೇ ಎದುರಾಗದ ಸೋಲೋ ಮೋಡಿನಲ್ಲಿ ಮತ್ತೆ ಒಳಗೆ ಹೋಗಿ, ನಿಲ್ದಾಣ ಮುಟ್ಟುವತನಕ ಮೋಡ್ ಬದಲಿಸಲಿಲ್ಲ. ವಿಸ್ಟಾ ಜಿನೋಮಿಕ್ಸ್‌ನಲ್ಲಿ ಆ ಟೆಕ್ಟೋನಿಕಾಸ್‌ಗೆ ಐದು ಪಟ್ಟೇ ಸಿಕ್ಕಿತು.